ಮಗು ಬಾಲವಾಡಿಗೆ ಹೊರಟಾಗ

ಮೂರು ವರ್ಷ ತುಂಬಿದ ಮಗುವನ್ನು ಬಾಲವಾಡಿಗೆ ಸೇರಿಸುವುದು ನಗರವಾಸಿಗಳಾದ ನಮಗೆಲ್ಲ ಈಗ ಸಾಮಾನ್ಯ ಸಂಗತಿಯಾಗಿಬಿಟ್ಟಿದೆ. ಚೀಲ, ನೀರಿನ ಬಾಟಲಿ, ತಿಂಡಿಯ ಡಬ್ಬಿ, ಸಮವಸ್ತ್ರ ಇವುಗಳ ಸಿದ್ಧತೆಯಲ್ಲಿ ನಾವು ತೋರುವ ಉತ್ಸಾಹ ಅಷ್ಟಿಷ್ಟಲ್ಲ. ಆದರೆ ಮನೆಯಲ್ಲಿ ಕನ್ನಡವನ್ನಷ್ಟೇ ಆಡಿ ಬೆಳೆದ ಮಗುವೊಂದು ಮರಾಠಿಯನ್ನೋ ಹಿಂದಿಯನ್ನೋ ಆಡುವ ಇಪ್ಪತ್ತೈದು ಮಕ್ಕಳ ನಡುವೆ ಮೂರೂವರೆ ಗಂಟೆಗಳ ಕಾಲ ಇದ್ದು ಬರುವಾಗ ಅದರ ಮೈಗೂ ಮನಸ್ಸಿಗೂ ಏನೇನು ಆಗುತ್ತದೆ ಎಂಬುದನ್ನು ನಾವು ವಿಚಾರಿಸುವುದು ಕಡಿಮೆ. ಹೊರನಾಡಿನಲ್ಲಿ ನೆಲೆಸಿದ ತಾಯ್ತಂದೆಯರಿಗೆ ಈ ವಿಚಾರ ವಿಶೇಷವಾಗಿ ಸಲ್ಲುವುದರಿಂದ, ನನ್ನ ಇಬ್ಬರು ಮಕ್ಕಳ ಅನುಭವವನ್ನೂ, ಅದರಿಂದಾಗಿ ವೈದ್ಯರಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡ ಕೆಲವು ಸಂಗತಿಗಳನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮದು ಸಾಗರದ ಕಡೆಯ ಸಂಸಾರ. ಉದ್ಯೋಗ ನಿಮಿತ್ತ ಡೊಂಬಿವಲಿಗೆ ಬಂದು ನೆಲೆಸಿದವರು. ಮನೆಯಲ್ಲಿ ಅತ್ತೆಯವರಿದ್ದಾರೆ. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಮಗಳು ಅವರ ಮಡಿಲಲ್ಲಿಯೇ ಬೆಳೆದವಳಾದ್ದರಿಂದ ಮೂರು ವರ್ಷಕ್ಕೆಲ್ಲ ಅರಳು ಹುರಿದಂತೆ ಮಾತನಾಡುತ್ತಿದ್ದಳು. ಜೂನ್ ತಿಂಗಳಲ್ಲಿ ಅವಳನ್ನು ಮನೆಗೆ ಸಮೀಪದ ಒಂದು ಬಾಲವಾಡಿಗೆ ಸೇರಿಸಿದೆವು. ಮೊದಲ ವಾರ ಬಾಗಿಲಲ್ಲಿ ನನ್ನ ಸೀರೆಯ ಸೆರಗನ್ನು ಹಿಡಿದು ಅತ್ತಳು. ಎರಡನೆಯ ವಾರ ಅಳು ತಗ್ಗಿತು. ಮೂರನೆಯ ವಾರ ಸದ್ದಿಲ್ಲದೆ ಒಳಗೆ ನಡೆದುಹೋದಳು. ‘ಈಗ ಹೊಂದಿಕೊಂಡಿದ್ದಾಳೆ, ಬಹಳ ಶಾಂತ ಹುಡುಗಿ’ ಎಂದು ಶಿಕ್ಷಕಿ ಹೇಳಿದರು. ಅಂದು ಸಂಜೆ ಅತ್ತೆಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಮಗುವಿನ ಅಳು ನಿಂತಿತೆಂದರೆ ಅದರ ಕಷ್ಟವೂ ನಿಂತಿತೆಂದು ಭಾವಿಸುವುದು ನಮ್ಮೆಲ್ಲರ ಸಹಜವಾದ ತಪ್ಪು. ಈ ತಪ್ಪನ್ನು ದೊಡ್ಡ ದೊಡ್ಡ ಆಸ್ಪತ್ರೆಗಳೂ ಮಾಡಿದ್ದುಂಟು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಾಯ್ತಂದೆಯರಿಗೆ ಹೆಚ್ಚು ಅವಕಾಶವಿಲ್ಲದಿದ್ದ ಕಾಲದಲ್ಲಿ, 1952ರಲ್ಲಿ, ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವೊಂದರ ಎಂಟು ದಿನಗಳನ್ನು ಚಲನಚಿತ್ರವಾಗಿ ತೆಗೆದರು. ಅತ್ತು ಸುಮ್ಮನಾದ ಮಗುವನ್ನು ‘ಹೊಂದಿಕೊಂಡಿದೆ’ ಎಂದು ದಾದಿಯರು ತಿಳಿಯುತ್ತಿದ್ದರು. ಅದು ಹೊಂದಿಕೊಂಡುದಲ್ಲ, ತನ್ನ ದುಃಖವನ್ನು ಒಳಗೆ ನುಂಗಿಕೊಂಡುದು ಎಂಬುದನ್ನು ಆ ಚಿತ್ರ ತೋರಿಸಿಕೊಟ್ಟಿತು. ಅವರ ಹಾಗೂ ಮನೋವೈದ್ಯ ಜಾನ್ ಬೋಲ್ಬಿಯವರ ಪ್ರಯತ್ನದ ಫಲವಾಗಿ ಮುಂದೆ ಆಸ್ಪತ್ರೆಗಳ ನಿಯಮಗಳೇ ಬದಲಾದವು. ಮಧ್ಯಾಹ್ನಕ್ಕೆ ಮನೆಗೆ ಮರಳುವ ಬಾಲವಾಡಿಯ ಮಗುವನ್ನು ಆಸ್ಪತ್ರೆಯ ಮಗುವಿಗೆ ಸರಿಗಟ್ಟಬಾರದು, ನಿಜ. ಅಗಲಿಕೆಯ ಭಯವು ಮಗುವಿಗೆ ಎಂಟೊಂಬತ್ತು ತಿಂಗಳಾದಾಗ ತಲೆದೋರಿ, ಒಂದೂವರೆ ವರ್ಷದವರೆಗೆ ತೀವ್ರವಾಗಿದ್ದು, ಮೂರನೆಯ ವರ್ಷದ ಹೊತ್ತಿಗೆ ತಾನಾಗಿಯೇ ಇಳಿಮುಖವಾಗುತ್ತದೆ. ಬಾಗಿಲಲ್ಲಿ ಅಳುವ ಮಗು ನಾವು ಕಣ್ಮರೆಯಾದ ಹತ್ತು ನಿಮಿಷಗಳಲ್ಲಿ ಆಟಕ್ಕೆ ಇಳಿಯುವುದೇ ಹೆಚ್ಚು. ಅದರ ಕಣ್ಣು ತಪ್ಪಿಸಿ ಓಡಿಹೋಗದೆ, ‘ಊಟದ ಹೊತ್ತಿಗೆ ಬರುತ್ತೇನೆ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬಂದರೆ ಸಾಕು. ಅಳುವ ಮಗುವಿಗಿಂತ ಏನನ್ನೂ ಹೇಳದ ಮಗುವಿನ ಕಡೆಗೆ ಹೆಚ್ಚು ಗಮನ ಬೇಕೆಂಬುದು ನನಗೆ ತಿಳಿದದ್ದು ಜುಲೈ ತಿಂಗಳಿನಲ್ಲಿ.

ಒಂದು ಶುಕ್ರವಾರ ಮಗಳಿಗೆ ಜ್ವರ ಬಂದಿತು. ನೆಗಡಿಯಿಲ್ಲ, ಕೆಮ್ಮಿಲ್ಲ. ಮಳೆಗಾಲದ ಜ್ವರವೆಂದು ಎರಡು ದಿನ ಸುಮ್ಮನಿದ್ದೆವು. ಮೂರನೆಯ ದಿನ ವಾಂತಿಯಾಯಿತು. ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿತು. ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ, ಮೂತ್ರಮಾರ್ಗದ ಸೋಂಕೆಂದು ಹೇಳಿದರು. ಅನಂತರ ಅವರು ಕೇಳಿದ ಪ್ರಶ್ನೆ ಇದು: ‘ಬಾಲವಾಡಿಯಲ್ಲಿ ಮಗು ಮೂತ್ರಕ್ಕೆ ಹೋಗುತ್ತದೆಯೇ?’ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಅಲ್ಲಿ ಏನು ಹಾಡಿದಳು, ಯಾವ ಬಣ್ಣ ಕಲಿತಳು ಎಂದು ದಿನವೂ ಕೇಳುತ್ತಿದ್ದ ನಾನು ಇದನ್ನೊಂದು ದಿನವೂ ಕೇಳಿರಲಿಲ್ಲ. ಆಗ ನೆನಪಾದುದು ನೀರಿನ ಬಾಟಲಿ. ಮೂರು ವಾರಗಳಿಂದ ಅದು ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ಉಳಿದ ನೀರನ್ನು ನಾನು ಪ್ರತಿದಿನ ತುಳಸಿಯ ಕುಂಡಕ್ಕೆ ಸುರಿಯುತ್ತಿದ್ದೆ. ಬೆಳಿಗ್ಗೆ ಹಾಲನ್ನೂ ಬೇಡವೆನ್ನುತ್ತಿದ್ದಳು. ಹಟವೆಂದು ಗದರಿಸಿದ್ದೆ. ಕುಡಿದರೆ ಹೋಗಬೇಕಾಗುತ್ತದೆ, ಆದ್ದರಿಂದ ಕುಡಿಯಬಾರದು ಎಂಬ ಲೆಕ್ಕವನ್ನು ಮೂರು ವರ್ಷದ ಮಗು ತಾನಾಗಿಯೇ ಹಾಕಿಕೊಂಡಿತ್ತು.

ಮೂತ್ರವನ್ನು ತಡೆಹಿಡಿಯುವುದರಿಂದ ಸೋಂಕು ಹೇಗೆ ಉಂಟಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮಗುವಿನ ಮೂತ್ರಾಶಯವು ಎಷ್ಟು ಹಿಡಿಯಬಲ್ಲುದೆಂಬುದಕ್ಕೆ ವೈದ್ಯರಲ್ಲಿ ಒಂದು ಸರಳವಾದ ಲೆಕ್ಕವುಂಟು: ಮಗುವಿನ ವಯಸ್ಸಿಗೆ ಎರಡನ್ನು ಕೂಡಿಸಿ 30ರಿಂದ ಗುಣಿಸಿದರೆ ಬರುವಷ್ಟು ಮಿಲಿಲೀಟರುಗಳು. ಅಂದರೆ ಮೂರು ವರ್ಷದ ಮಗುವಿಗೆ 150 ಮಿಲಿಲೀಟರು, ಹೆಚ್ಚು ಕಡಿಮೆ ಒಂದು ಚಹಾ ಕಪ್ಪಿನಷ್ಟು. ಚೆನ್ನಾಗಿ ನೀರು ಕುಡಿಯುವ ಮಗುವಿಗೆ ಎರಡು ಮೂರು ಗಂಟೆಗಳಿಗೊಮ್ಮೆ ಇದು ತುಂಬುತ್ತದೆ. ಮೂತ್ರಾಶಯದ ಬಾಯಿಯನ್ನು ಮುಚ್ಚಿಕೊಂಡಿರುವ ಉಂಗುರದಂಥ ಸ್ನಾಯುವೊಂದು ನಾವು ಬಿಟ್ಟಾಗ ಮಾತ್ರ ಸಡಿಲಗೊಳ್ಳುವಂತೆ ಮಗು ಎರಡು ಮೂರನೆಯ ವರ್ಷದಲ್ಲಿ ಕಲಿಯುತ್ತದೆ. ಹೊಸದಾಗಿ ಕಲಿತ ಈ ಹಿಡಿತವನ್ನು ಭಯಗೊಂಡ ಮಗು ಬಿಗಿಮಾಡುತ್ತದೆ. ಕಾಲಿಗೆ ಕಾಲು ಹೆಣೆಯುತ್ತದೆ, ಹಿಮ್ಮಡಿಯ ಮೇಲೆ ಒತ್ತಿ ಕುಕ್ಕರಿಸುತ್ತದೆ. ಕರುಳಿನಲ್ಲಿ ಸಹಜವಾಗಿಯೇ ವಾಸವಾಗಿರುವ ರೋಗಾಣುಗಳು ಹೊರಬಂದು ಮೂತ್ರನಾಳದ ತುದಿಯನ್ನು ಸೇರುವುದು ಸಾಮಾನ್ಯ. ಆಗಾಗ ಮೂತ್ರ ವಿಸರ್ಜಿಸುವ ಮಗುವಿನಲ್ಲಿ ಅವು ಪ್ರವಾಹದೊಡನೆ ಕೊಚ್ಚಿಹೋಗುತ್ತವೆ. ನಿಂತ ಮೂತ್ರದಲ್ಲಾದರೋ ಅವು ಬೆಳೆದು ವೃದ್ಧಿಯಾಗುತ್ತವೆ. ಹೆಣ್ಣುಮಕ್ಕಳ ಮೂತ್ರನಾಳ ಬಹಳ ಗಿಡ್ಡವಾಗಿರುವುದರಿಂದಲೂ, ಅದು ಮಲದ್ವಾರಕ್ಕೆ ಹತ್ತಿರವಾಗಿರುವುದರಿಂದಲೂ ಅವರಿಗೆ ಈ ಬಾಧೆ ಹೆಚ್ಚು. ಮಲವಿಸರ್ಜನೆಯ ಬಳಿಕ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

ಇದರ ಜೊತೆಗೇ ಮಲಬದ್ಧತೆ ಬರುತ್ತದೆ. ಬಾಲವಾಡಿಯಲ್ಲಿ ಒಂದನ್ನು ತಡೆಯುವ ಮಗು ಎರಡನ್ನೂ ತಡೆಯುತ್ತದೆ. ಗಟ್ಟಿಯಾದ ಮಲದಿಂದ ಉಬ್ಬಿದ ಕರುಳು ಮುಂಭಾಗದಲ್ಲಿರುವ ಮೂತ್ರಾಶಯವನ್ನು ಒತ್ತಿ, ಅದು ಪೂರ್ತಿಯಾಗಿ ಖಾಲಿಯಾಗದಂತೆ ಮಾಡುತ್ತದೆ. ಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂಡ್ರುವ ಮಗುವಿಗೆ ಬಾಲವಾಡಿಯಲ್ಲಿ ಎತ್ತರದ ಕಮೋಡು ಇದ್ದರೆ, ತೂಗಾಡುವ ಕಾಲುಗಳಿಂದಾಗಿ ಸ್ನಾಯುಗಳು ಸಡಿಲಗೊಳ್ಳುವುದೇ ಇಲ್ಲ. ಪಾದದ ಕೆಳಗೆ ಒಂದು ಗಿಡ್ಡ ಮಣೆಯನ್ನಿಟ್ಟರೆ ಎಷ್ಟೋ ಅನುಕೂಲ. ಕತ್ತಲೆ, ದುರ್ವಾಸನೆ, ಒಳಗಿನಿಂದ ಹಾಕಿಕೊಂಡರೆ ತೆಗೆಯಲು ಬಾರದ ಚಿಲಕ ಇವೂ ಮಗುವನ್ನು ಹೆದರಿಸುತ್ತವೆ. ಜ್ವರದೊಡನೆ ಬರುವ ಮೂತ್ರದ ಸೋಂಕು ಮೇಲಿಂದ ಮೇಲೆ ಮರುಕಳಿಸಿದರೆ ಮೂತ್ರಪಿಂಡಗಳಿಗೆ ಶಾಶ್ವತವಾದ ಗಾಯವಾಗುವ ಸಂಭವವಿದೆ. ಆದಕಾರಣ ನೆಗಡಿ ಕೆಮ್ಮುಗಳಿಲ್ಲದೆ ಬರುವ ಜ್ವರ, ಬಿಟ್ಟುಹೋದ ಹಾಸಿಗೆ ಒದ್ದೆಯ ಮರುಕಳಿಕೆ, ಮೂತ್ರ ಮಾಡುವಾಗ ಅಳು ಇವುಗಳಲ್ಲಿ ಯಾವುದನ್ನು ಕಂಡರೂ ಮೂತ್ರ ಪರೀಕ್ಷೆಗೆ ತಡಮಾಡಬಾರದು. ಜೀವಿನಿರೋಧಕ ಔಷಧವನ್ನು ಆರಂಭಿಸುವ ಮೊದಲೇ ಮಾದರಿಯನ್ನು ಕೊಡಬೇಕು. ಇಲ್ಲವಾದರೆ ಯಾವ ರೋಗಾಣುವೆಂಬುದು ತಿಳಿಯುವುದಿಲ್ಲ. ಜ್ವರ ಬಿಟ್ಟಿತೆಂದು ಔಷಧವನ್ನು ನಡುವೆ ನಿಲ್ಲಿಸಲೂ ಬಾರದು.

ಮಗಳು ಗುಣಮುಖಳಾದ ಮೇಲೆ ಬಾಲವಾಡಿಯವರೊಡನೆ ಜಗಳವಾಡಲೆಂದೇ ಹೋದೆ. ಶಿಕ್ಷಕಿ ನಿಜಕ್ಕೂ ನೊಂದುಕೊಂಡರು. ‘ದಿನಕ್ಕೆ ಎರಡು ಸಲ ನಾನೇ ಅವಳನ್ನು ಕೇಳುತ್ತೇನೆ. ಬೇಡವೆಂದು ತಲೆಯಾಡಿಸುತ್ತಾಳೆ’ ಎಂದರು. ಏನೆಂದು ಕೇಳುತ್ತೀರಿ ಎಂದೆ. ‘ಶೂ ಲಾಗಲೀ ಕಾ’ ಎಂದು ಕೇಳುತ್ತಾರಂತೆ. ಮರಾಠಿ ಮನೆಗಳಲ್ಲಿ ಮಕ್ಕಳಿಗೆ ಮೂತ್ರ ಬಂದಿದೆಯೇ ಎಂದು ಕೇಳುವ ಮಾತು ಅದು. ‘ಕೇಳಿದಾಗಲೆಲ್ಲ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಾಳೆ’ ಎಂದೂ ಸೇರಿಸಿದರು. ನನ್ನ ಮಗಳಿಗೆ ‘ಶೂ’ ಎಂದರೆ ಒಂದೇ ಅರ್ಥ, ಅಪ್ಪ ತಂದುಕೊಟ್ಟ ಹೊಸ ಕಪ್ಪು ಪಾದರಕ್ಷೆ. ಅದನ್ನು ಹೊಸ್ತಿಲ ಹೊರಗೆ ಬಿಟ್ಟು ಬಂದ ಮಗು, ಶೂ ಉಂಟೇ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನದೆ ಮತ್ತೇನೆಂದೀತು! ಮೊದಲ ದಿನಗಳಲ್ಲಿ ಅವಳೂ ಕೇಳಿದ್ದುಂಟು. ‘ವಂದಕೆ, ವಂದಕೆ ಎಂದು ಅಳುತ್ತಿದ್ದಳು. ಮನೆಯಲ್ಲಿ ಯಾರದೋ ಹೆಸರಿರಬೇಕೆಂದು ತಿಳಿದೆವು’ ಎಂದರು. ‘ಒಂದಕ್ಕೆ’ ಎಂಬ ನಮ್ಮ ಮಾತು ಆ ಕೋಣೆಯಲ್ಲಿ ಯಾರಿಗೂ ತಿಳಿಯದೆಂಬುದು ಮೂರನೆಯ ವಾರಕ್ಕೆ ಅವಳಿಗೆ ಮನವರಿಕೆಯಾಗಿತ್ತು. ಆಮೇಲೆ ಕೇಳುವುದನ್ನು ಬಿಟ್ಟಳು. ನಾವು ಅದನ್ನು ಶಾಂತಸ್ವಭಾವವೆಂದು ಕರೆದೆವು.

ಜಗಳವಾಡಲು ಹೋದವಳು ತಲೆತಗ್ಗಿಸಿ ಬಂದೆ. ಮಗುವಿಗೆ ಹತ್ತು ಮರಾಠಿ ಪದಗಳನ್ನು ಕಲಿಸಿ ಕಳುಹಿಸುವುದಾಗಲಿ, ನಮ್ಮ ಮನೆಯ ಪದಗಳನ್ನು ಶಿಕ್ಷಕಿಗೆ ಬರೆದುಕೊಡುವುದಾಗಲಿ ನನಗೆ ಹೊಳೆದಿರಲಿಲ್ಲ.

ಹೊಸ ಭಾಷೆಯ ನಡುವೆ ಬಿದ್ದ ಚಿಕ್ಕ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳುಗಳವರೆಗೆ ಅಲ್ಲಿ ಮಾತನಾಡದೆ ಇರುವುದು ಸ್ವಾಭಾವಿಕವೆಂದು ಭಾಷಾತಜ್ಞರು ಹೇಳುತ್ತಾರೆ. ಅದು ಮಂದಬುದ್ಧಿಯೂ ಅಲ್ಲ, ಮೊಂಡುತನವೂ ಅಲ್ಲ. ಆ ಕಾಲದಲ್ಲಿ ಮಗು ಕೇಳುತ್ತಿರುತ್ತದೆ, ಕೂಡಿಡುತ್ತಿರುತ್ತದೆ. ಮೊದಲು ‘ನಕೋ’, ‘ಮಾಝಾ’ ಎಂಬಂಥ ಒಂದೆರಡು ಮಾತುಗಳು ಇಡಿಯಾಗಿ ಬಾಯಿಗೆ ಬರುತ್ತವೆ, ವಾಕ್ಯಗಳು ಆಮೇಲೆ. ಎರಡು ಭಾಷೆಗಳನ್ನು ಕಲಸಿ ಆಡುವುದೂ ಈ ದಾರಿಯ ಒಂದು ಹಂತ. ನನ್ನ ಮಗಳಿಗೆ ಅಲ್ಲಿಯ ಶಿಕ್ಷಕಿಯನ್ನು ಎಲ್ಲರೂ ‘ಬಾಯಿ’ ಎಂದು ಕರೆಯುವುದು ಬಹಳ ದಿನ ಒಗಟಾಗಿತ್ತು; ‘ಅವರಿಗೆ ಮೂಗೂ ಉಂಟಲ್ಲ ಅಜ್ಜಿ’ ಎಂದು ಅತ್ತೆಯವರನ್ನು ಕೇಳಿದಳಂತೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಮನೆಯಲ್ಲಿ ಧಾರಾಳವಾಗಿ ಮಾತನಾಡುವ ಮಗು ಬಾಲವಾಡಿಯಲ್ಲಿ ಮೌನವಾಗಿದ್ದರೆ ಕಾದು ನೋಡಬಹುದು; ಮನೆಮಾತಿನಲ್ಲಿಯೇ ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಆಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಬರುತ್ತಿದ್ದ ಮಾತು ಹೋದರೆ ಅದಕ್ಕೆ ಎರಡು ಭಾಷೆ ಕಾರಣವಲ್ಲ. ಅಂಥ ಮಗುವಿನ ಕಿವಿಯನ್ನು ಪರೀಕ್ಷಿಸಿ ವೈದ್ಯರ ಸಲಹೆ ಪಡೆಯುವುದೇ ಸರಿ.

ಈ ಸಂದರ್ಭದಲ್ಲಿಯೇ ನಮಗೆ ಹಿತೈಷಿಗಳಿಂದ ಒಂದು ಸಲಹೆ ಬಂದಿತು. ಮನೆಯಲ್ಲಿ ಕನ್ನಡವನ್ನು ಬಿಟ್ಟು ಮರಾಠಿ ಅಥವಾ ಇಂಗ್ಲಿಷ್ ಆಡಿರಿ, ಮಗುವಿನ ಗೊಂದಲ ಕಡಿಮೆಯಾಗುತ್ತದೆ ಎಂದು. ನಮ್ಮ ಮನೆಯವರು ಒಪ್ಪಿಯೂ ಬಿಟ್ಟಿದ್ದರು. ನಾಲ್ಕು ದಿನ ಮಗಳೊಡನೆ ಹರಕು ಇಂಗ್ಲಿಷಿನಲ್ಲಿ ಸಂಭಾಷಿಸಿದರು. ಅತ್ತೆಯವರು ಏನೂ ಹೇಳಲಿಲ್ಲ. ಮಾತು ಕಡಿಮೆ ಮಾಡಿ ಅಡುಗೆಮನೆಯಲ್ಲಿಯೇ ಇರತೊಡಗಿದರು. ತನ್ನ ಮಾತು ನಡೆಯುವ ಒಂದೇ ಸ್ಥಳವಾದ ಮನೆಯಲ್ಲಿಯೂ ಅದನ್ನು ಕಿತ್ತುಕೊಂಡರೆ ಆ ಮಗುವಿಗೆ ಹೊಟ್ಟೆನೋವನ್ನು ಹೇಳಿಕೊಳ್ಳಲು ಉಳಿಯುವುದೇನು ಎಂದು ನಾನು ಕೇಳಿದೆ. ಎರಡು ಭಾಷೆಗಳಿಂದ ಮಕ್ಕಳಿಗೆ ಮಾತು ತಡವಾಗುವುದೂ ಇಲ್ಲ, ತೊದಲೂ ಬರುವುದಿಲ್ಲ. ಮನೆಮಾತಿನ ತಳಪಾಯ ಗಟ್ಟಿಯಾಗಿರುವ ಮಗುವಿಗೆ ಎರಡನೆಯ ಭಾಷೆ ಸುಲಭವಾಗುತ್ತದೆ ಎಂಬುದು ಈಗ ತಜ್ಞರ ಅಭಿಪ್ರಾಯ. ತಾಯ್ತಂದೆಯರು ತಮಗೆ ಸರಿಯಾಗಿ ಬಾರದ ಭಾಷೆಯಲ್ಲಿ ಮಗುವನ್ನು ಮಾತನಾಡಿಸಿದರೆ ಮಗುವಿಗೆ ಸಿಕ್ಕುವುದು ನಾಲ್ಕು ಆಜ್ಞಾವಾಕ್ಯಗಳು ಮಾತ್ರ. ಕತೆ, ಗಾದೆ, ಮುನಿಸು, ಮುದ್ದು ಯಾವುದೂ ಅದರಲ್ಲಿ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆಗಳಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿಯೇ ಶಿಕ್ಷಣವಿರಬೇಕೆಂದು ಹೇಳಿದೆ. ಹತ್ತು ಭಾಷೆಗಳ ಮಕ್ಕಳು ಸೇರುವ ಮುಂಬಯಿಯಂಥ ಊರಿನಲ್ಲಿ ಅದು ಎಲ್ಲರಿಗೂ ಸಾಧ್ಯವಾಗುವ ಮಾತಲ್ಲ. ಆದರೆ ಮನೆಯೊಳಗೆ ಅದನ್ನು ತಡೆಯುವವರು ಯಾರೂ ಇಲ್ಲ.

ನಾವಿರುವ ಈ ನಾಡಿನಲ್ಲಿಯೇ ಮಗುವಿದ್ದಲ್ಲಿಗೆ ಬಾಲವಾಡಿ ಹೋದ ಒಂದು ದೊಡ್ಡ ಉದಾಹರಣೆಯಿದೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರೊಡನೆ ದುಡಿದ ತಾರಾಬಾಯಿ ಮೋಡಕರು, 1945ರಲ್ಲಿ ಆಗಿನ ಠಾಣಾ ಜಿಲ್ಲೆಯ ಬೋರ್ಡಿ ಎಂಬ ಹಳ್ಳಿಗೆ ಬಂದು ಅನುತಾಯಿ ವಾಘರ ಜೊತೆಯಲ್ಲಿ ಬಡಮಕ್ಕಳಿಗಾಗಿ ಬಾಲವಾಡಿಯನ್ನು ಆರಂಭಿಸಿದರು. ಕೇರಿಯ ಮಕ್ಕಳು ಬಾಲವಾಡಿಗೆ ಬರಲು ಹಿಂಜರಿದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಬೆಲೆಬಾಳುವ ಮಾಂಟೆಸೊರಿ ಸಲಕರಣೆಗಳ ಬದಲಿಗೆ ಬೀಜ, ಕಲ್ಲು, ಎಲೆ, ಚಿಪ್ಪುಗಳನ್ನು ಬಳಸಿದರು. ಮುಂದೆ 1957ರಲ್ಲಿ ಕೋಸಬಾಡದ ಗುಡ್ಡದ ಮೇಲೆ ವಾರಲಿ ಬುಡಕಟ್ಟಿನ ಮಕ್ಕಳ ನಡುವೆ ಈ ಕೆಲಸ ಮುಂದುವರಿಯಿತು. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರ ಆರಂಭಿಸಿದ ಶಿಶು ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ‘ಅಂಗನವಾಡಿ’ ಎಂದು ಹೆಸರಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದುದು ತಿರುಮಕೂಡಲು ನರಸೀಪುರಕ್ಕೆ. ಶುಲ್ಕವನ್ನು ಕೊಟ್ಟು ನಾವು ಆರಿಸಿಕೊಳ್ಳುವ ಬಾಲವಾಡಿಗಳಲ್ಲಿ ಮಗುವಿನ ಅಂಗಳವನ್ನು ವಿಚಾರಿಸುವ ಪದ್ಧತಿ ಎಷ್ಟರಮಟ್ಟಿಗೆ ಇದೆಯೆಂಬುದನ್ನು ವಾಚಕರೇ ನೋಡಿಕೊಳ್ಳಬಹುದು. ಅದರ ಬದಲಿಗೆ ಮೂರು ವರ್ಷದ ಮಗುವಿನಿಂದ ಅಕ್ಷರ ಬರೆಯಿಸುವ ಅವಸರವೇ ಕಾಣುತ್ತದೆ. ಮಣಿಕಟ್ಟಿನಲ್ಲಿ ಇರಬೇಕಾದ ಎಂಟು ಚಿಕ್ಕ ಮೂಳೆಗಳಲ್ಲಿ ಮೂರನೆಯ ವರ್ಷಕ್ಕೆ ಎರಡೋ ಮೂರೋ ಮಾತ್ರ ಗಟ್ಟಿಯಾಗಿರುತ್ತವೆ, ಉಳಿದುವು ಇನ್ನೂ ಮೃದ್ವಸ್ಥಿ. ಅಂಥ ಕೈಗೆ ಚಪಾತಿ ಹಿಟ್ಟನ್ನು ಕೊಟ್ಟರೆ ಪೆನ್ಸಿಲಿಗಿಂತ ಹೆಚ್ಚು ಉಪಕಾರ.

ಬಾಲವಾಡಿಯ ಮೊದಲ ವರ್ಷ ಮಕ್ಕಳಿಗೆ ಮೇಲಿಂದ ಮೇಲೆ ನೆಗಡಿಯಾಗುವ ವಿಷಯವನ್ನೂ ಹೇಳಿಬಿಡುತ್ತೇನೆ. ಈ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ, ಹೊಸದಾಗಿ ಗುಂಪಿಗೆ ಸೇರಿದ ಮಗುವಿಗೆ ಇನ್ನೂ ಹೆಚ್ಚು ಸಲ ನೆಗಡಿಯಾಗುವುದು ಅಸಹಜವಲ್ಲ. ಇವುಗಳಲ್ಲಿ ಬಹುಪಾಲು ವೈರಸ್‌ಗಳಿಂದ ಬರುವಂಥವಾದ್ದರಿಂದ ಜೀವಿನಿರೋಧಕ ಔಷಧದಿಂದ ಪ್ರಯೋಜನವಿಲ್ಲ. ಆದರೆ ಮಗು ಮಲಗಿರುವಾಗ ಅದರ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಸೆಳೆಯುತ್ತಿದ್ದರೆ, ನೀರನ್ನೂ ಕುಡಿಯಲೊಲ್ಲದಿದ್ದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಎರಡು ವರ್ಷಗಳ ಬಳಿಕ ಮಗನನ್ನು ಅದೇ ಬಾಲವಾಡಿಗೆ ಸೇರಿಸಿದೆವು. ಈ ಸಲ ಮೇ ತಿಂಗಳಲ್ಲಿಯೇ ಸಿದ್ಧತೆ ಆರಂಭವಾಯಿತು. ನೆರೆಮನೆಯ ಮರಾಠಿ ಆಜಿಯವರು ಅವನಿಗೆ ನೀರು, ಹಸಿವು, ನೋವು, ಸಾಕು, ಬೇಡ ಎಂಬವಕ್ಕೆಲ್ಲ ಮಾತು ಕಲಿಸಿದರು; ಜೊತೆಯಲ್ಲಿ ಕುಳಿತ ಅತ್ತೆಯವರೂ ಒಂದಿಷ್ಟು ಕಲಿತರು. ಬಾಲವಾಡಿಯ ಶೌಚಗೃಹವನ್ನು ಅವನಿಗೆ ಮೊದಲೇ ತೋರಿಸಿ, ಅಲ್ಲಿಯ ಸಹಾಯಕಿ ಮಾವಶಿಯ ಪರಿಚಯ ಮಾಡಿಸಿದೆ. ಇಷ್ಟೆಲ್ಲ ಆದ ಮೇಲೆ ಅವನು ಮೊದಲ ಎರಡು ವಾರ ನಗುನಗುತ್ತ ಹೋಗಿ, ಮೂರನೆಯ ಸೋಮವಾರ ಬಾಗಿಲಲ್ಲಿ ಹೊರಳಾಡಿ ಅತ್ತ. ಇದು ಪ್ರತಿದಿನವೂ ಇರುವಂಥದು ಎಂಬುದು ಅವನಿಗೆ ಆಗ ತಿಳಿದಿರಬೇಕು. ಅಕ್ಕನಂತೆ ತಮ್ಮನಿಲ್ಲ. ಹತ್ತು ದಿನ ಅತ್ತ, ಬಿಟ್ಟ. ಅವನ ಅಳುವಿಗೆ ನಾನು ಹೆದರಲಿಲ್ಲ. ಮಧ್ಯಾಹ್ನ ಮನೆಗೆ ಬಂದೊಡನೆ ಬಾಟಲಿಯನ್ನು ಎತ್ತಿ ನೋಡುತ್ತಿದ್ದೆ, ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿರುತ್ತಿತ್ತು.

ಆ ಶಿಕ್ಷಕಿಯೂ ಒಂದು ಏರ್ಪಾಡು ಮಾಡಿದ್ದರು. ಜೂನ್ ತಿಂಗಳ ಮೊದಲ ದಿನವೇ ಪ್ರತಿಯೊಬ್ಬ ತಾಯಿಯಿಂದ ಮೂತ್ರ, ಮಲ, ನೀರು, ನೋವು ಈ ನಾಲ್ಕಕ್ಕೆ ಮನೆಯಲ್ಲಿ ಮಗು ಆಡುವ ಮಾತನ್ನು ಕೇಳಿ, ನಾಗರಿ ಲಿಪಿಯಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿದ್ದರು. ಗುಜರಾತಿ, ತೆಲುಗು, ಮಲಯಾಳ, ಭೋಜಪುರಿ ಎಲ್ಲವೂ ಅದರಲ್ಲಿದ್ದವು. ಮಾವಶಿ ನಮ್ಮ ಮಾತನ್ನು ‘ವಂದಾಕೇ’ ಎಂದು ಎಳೆದು ಕೇಳುತ್ತಾಳೆ. ಮಗ ಎದ್ದು ಅವಳ ಹಿಂದೆ ಹೋಗುತ್ತಾನೆ.